ವೆಂಕಟಾಚಲನ ಹದಿನೆಂಟು ಮೆಷಿನ್

ವೆಂಕಟಾಚಲ ಇನ್ನೂ ಕಾಫಿ ಲೋಟಕ್ಕೆ ಬಾಯಿ ಹಚ್ಚಿರಲಿಲ್ಲ, ಫೋನು ಸದ್ದು ಮಾಡಿತು. ಕಾಲೇಜು ಟ್ರಸ್ಟಿನ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ ನಾರಾಯಣಪ್ಪನವರ ಸಂದೇಶ: 'ನಮ್ಮ ಮಲ್ಲೇಶ್ವರದ ಕಾಲೇಜಿನ ಕಶ್ಯಪ್ ಅವರು ಇಪ್ಪತ್ನಾಲ್ಕು ಕಂಪ್ಯೂಟರುಗಳನ್ನು ಒಂದೇ ಕಂಪ್ಯೂಟರಿನಂತೆ ದುಡಿಸುತ್ತಿದ್ದಾರೆ. ಎಲ್ಲರೂ ಅಭಿನಂದಿಸಿ.'

ಅದರ ಕೆಳಗೆ ಆಗಲೇ ಸಾಲುಗಟ್ಟಿ ಜನ ಕೈಮುಗಿದಿದ್ದರು. ಮೊದಲು ಕೈಮುಗಿದವಳು ವೆಂಕಟಾಚಲನ ಹೆಂಡತಿಯ ಸ್ವಂತ ತಂಗಿ ಚೈತನ್ಯಾ. ಅವಳು ಕಶ್ಯಪನ ಲ್ಯಾಬಿನಲ್ಲೇ ಕೆಲಸಕ್ಕಿದ್ದಳು. ವೆಂಕಟಾಚಲ 'ಅಭಿನಂ' ಎಂದು ಒತ್ತಿ, ಅಳಿಸಿ, ಕಾಫಿ ಕುಡಿದ. ಸಕ್ಕರೆ ಹಾಕಿದ್ದರೂ ಕಹಿಯಾಗಿತ್ತು.

ಕಶ್ಯಪ್ ಮತ್ತು ವೆಂಕಟಾಚಲ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ವಾರ ಟ್ರಸ್ಟಿನ ಕೆಲಸಕ್ಕೆ ಸೇರಿದವರು. ಒಬ್ಬ ಮಲ್ಲೇಶ್ವರದಲ್ಲಿ, ಇನ್ನೊಬ್ಬ ಬಸವನಗುಡಿಯಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಕಶ್ಯಪ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ವೆಂಕಟಾಚಲನಿಗೆ ಅರ್ಧ ಸಮಾಧಾನವಾಗಿರುತ್ತಿತ್ತು. ಅವನು ಎಲ್ಲವನ್ನೂ ಮೊದಲು ಮಾಡಿ, ಆಮೇಲೆ ಪ್ರೀತಿಯಿಂದ 'ಹೆಲ್ಪ್ ಬೇಕೇನೋ?' ಎಂದು ಕೇಳುತ್ತಿದ್ದ. ಆ ಪ್ರೀತಿಯೇ ಹೊಟ್ಟೆಯೊಳಗೆ ಹಸಿ ಮೆಣಸಿನಕಾಯಿ ಹಾಗೆ ಉರಿಯುತ್ತಿತ್ತು.

ಈ ಸಲ ಉರಿಯುವುದಕ್ಕೆ ಗಟ್ಟಿ ಕಾರಣವೂ ಇತ್ತು. ಟ್ರಸ್ಟಿನ ಎಲ್ಲ ಕಾಲೇಜುಗಳಿಗೂ ಸೇರಿ ಒಬ್ಬ ಕಂಪ್ಯೂಟರ್ ಮುಖ್ಯಸ್ಥ ಬೇಕೆಂದು ನಾರಾಯಣಪ್ಪನವರು ತೀರ್ಮಾನಿಸಿದ್ದರು. ಇರುವವರು ಇಬ್ಬರೇ. ಒಬ್ಬ ಮುಖ್ಯಸ್ಥನಾದರೆ ಇನ್ನೊಬ್ಬ ಅವನ ಕೈಕೆಳಗೆ. 'ನಮ್ಮಲ್ಲೂ ಅದೇ ವ್ಯವಸ್ಥೆ ನಡೀತಿದೆ ಸಾರ್' ಎಂದು ವೆಂಕಟಾಚಲ ತಿಂಗಳ ಹಿಂದೆ, ಕಶ್ಯಪ್ ಈ ಕೆಲಸ ಶುರುಮಾಡಿದ ಸುದ್ದಿ ಕೇಳಿದಾಗಲೇ, ಬಾಯಿಬಿಟ್ಟು ಹೇಳಿಬಿಟ್ಟಿದ್ದ. ಅದನ್ನು ನೋಡಿ, ಸೋಮವಾರದಿಂದ ಮುಖ್ಯಸ್ಥ ಯಾರೆಂದು ಹೇಳಲು ನಾರಾಯಣಪ್ಪನವರು ಇವತ್ತು ಸಂಜೆ ಬರುವವರಿದ್ದರು. ಬಸವನಗುಡಿಯ ಲ್ಯಾಬಿನಲ್ಲಿ ಏನೂ ನಡೆಯುತ್ತಿರಲಿಲ್ಲ.

ಕಾಲೇಜಿಗೆ ಬಂದವನೇ ಬಾಗಿಲು ಹಾಕಿಕೊಂಡು ಚೈತನ್ಯಾಗೆ ಫೋನು ಮಾಡಿದ.

"ನೋಡಮ್ಮ, ನಿಮ್ಮ ಲ್ಯಾಬಲ್ಲಿ ಆ ತಂತ್ರಾಂಶ ಹಾಕಿದೀರಲ್ಲ, ಅದರ ಸೆಟ್ಟಿಂಗ್ ಫೈಲ್ ಒಂದು ಕಳಿಸು. ಸುಮ್ನೆ ನೋಡೋಣ ಅಂತ."

"ಕಶ್ಯಪ್ ಸರ್‌ನೇ ಕೇಳಿ ಭಾವ, ಅವ್ರೇ ಬಂದು ಹಾಕ್ಕೊಡ್ತಾರೆ."

"ಅವನ್ಯಾಕೆ? ನೀನು ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾನು ಯುನಿಕ್ಸ್ ಮೆಷಿನ್ ಬಿಚ್ಚಿ ಜೋಡಿಸ್ತಿದ್ದೆ. ಅವನಿಗೆ ಹೇಳ್ಬೇಡ, ಅಷ್ಟೆ."

ಫೈಲು ಬಂತು. ಉದ್ದವಾದ ಫೈಲು. ವೆಂಕಟಾಚಲನ ಕಣ್ಣಿಗೆ ಬಿದ್ದದ್ದು ಮೊದಲ ಸಾಲು ಮಾತ್ರ: ಸಿದ್ಧಪಡಿಸಿದವರು ಕಶ್ಯಪ್. ಅವನು ಇಡೀ ಫೈಲಿನಲ್ಲಿ ಕಶ್ಯಪ್ ಎಂಬ ಹೆಸರು ಎಲ್ಲೆಲ್ಲಿದೆಯೋ ಹುಡುಕಿ, ಒಂದೊಂದನ್ನೂ ಅಳಿಸಿ ಅಲ್ಲಲ್ಲಿ ತನ್ನ ಹೆಸರು ಕೂರಿಸಿದ. ಇಷ್ಟು ಶ್ರದ್ಧೆಯಿಂದ ಅವನು ಇತ್ತೀಚೆಗೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಕಶ್ಯಪ್ ಎಂಬ ಮೂರಕ್ಷರ ಫೈಲಿನಿಂದ ಪೂರ್ತಿ ತೊಲಗಿದ ಮೇಲೆ ಅವನಿಗೆ ಅದು ತನ್ನದೇ ಎನಿಸಿತು. ಹದಿನೆಂಟು ಮೆಷಿನ್ನುಗಳಿಗೂ ತಂತ್ರಾಂಶ ಹಾಕಿ, ಅದೇ ಫೈಲನ್ನು ಒಂದೊಂದರಲ್ಲೂ ಇಟ್ಟ. ಲ್ಯಾಬಿನವು, ಲೈಬ್ರರಿಯದು, ಆಫೀಸಿನದು, ಎಲ್ಲ ಸೇರಿ ಹದಿನೆಂಟು.

ಆಫೀಸ್ ಸೂಪರಿಂಟೆಂಡೆಂಟ್ ಈಶ್ವರ್ ಬಂದು ನಿಂತರು. ಹಿಂದೆಯೇ ಲೈಬ್ರರಿಯ ಯಮುನಾ ಮೇಡಂ.

"ಏನಿದು ವೆಂಕಟಾಚಲ ಅವ್ರೆ, ನನ್ ಕಂಪ್ಯೂಟರ್‌ಗೆ ಏನ್ ಮಾಡಿದ್ರಿ?" ಎಂದರು ಈಶ್ವರ್.

"ಮದುವೆ ಮನೇಲಿ ಮೂಟೆಗಟ್ಟಲೆ ತರಕಾರಿ ಬಂದ್ರೆ ಒಬ್ಬನೇ ಹೆಚ್ತಾನಾ ಸಾರ್? ಹತ್ತು ಜನ ಕೂತು ಹೆಚ್ತಾರೆ. ಯಾರು ಏನು ಹೆಚ್ಬೇಕು ಅಂತ ಹೇಳೋಕೆ ಒಬ್ಬ ಮುಖ್ಯ ಭಟ್ಟ ಇರ್ತಾನೆ. ಇದೂ ಅಷ್ಟೆ. ಗಣಿತದ ಶಿವರಂಜಿನಿ ಮೇಡಂ ಹತ್ರ ದೊಡ್ಡ ಲೆಕ್ಕ ಇದೆ, ಮಳೆ ಬಂದಾಗ ಊರಿನ ಯಾವ ಕೆರೆಗೆ ಎಷ್ಟು ನೀರು ಹರಿಯುತ್ತೆ ಅಂತ. ಒಂದೇ ಮೆಷಿನ್‌ಗೆ ಕೊಟ್ರೆ ತಿಂಗಳಾಗುತ್ತೆ. ತುಂಡು ಮಾಡಿ ಹಂಚಿದ್ರೆ ಸಂಜೆಗೆ ಮುಗಿಯುತ್ತೆ."

"ಮುಖ್ಯ ಭಟ್ಟ ಯಾರ ಮೆಷಿನ್ನು?" ಈಶ್ವರ್ ಕೇಳಿದರು.

"ನಂದು."

"ಅಂದ್ರೆ ಆಫೀಸಿನದು ತರಕಾರಿ ಹೆಚ್ಚೋದಾ? ಪ್ರಿನ್ಸಿಪಾಲರ ಸಹಿ ಆಗೋ ಪತ್ರ ಎಲ್ಲ ಬರೋದು ನನ್ನಿಂದ ಕಣ್ರೀ!"

"ಹಾಗಾದ್ರೆ ಲೈಬ್ರರಿ ಏನು, ಸಿಪ್ಪೆ ಎತ್ತೋದಾ?" ಎಂದರು ಯಮುನಾ.

ಎಲ್ಲರದೂ ಸಮ, ಮೇಲು ಕೀಳಿಲ್ಲ ಎಂದು ವೆಂಕಟಾಚಲ ಸಮಾಧಾನ ಹೇಳಿದ. "ಒಂದೇ ಒಂದು ವಿಷ್ಯ. ಈ ಲೆಕ್ಕ ಬಾಡಿಗೆದಾರನ ಥರ. ಮಾಲೀಕ ಇಲ್ದಾಗ ಇರುತ್ತೆ, ಮಾಲೀಕ ಬಂದ ತಕ್ಷಣ ಎದ್ದು ಬೇರೆ ಮನೆ ನೋಡ್ಕೊಳ್ಳುತ್ತೆ. ಯಾರಾದ್ರೂ ಕೀಲಿಮಣೆ ಮುಟ್ಟಿದ್ರೆ, ಮೌಸ್ ಅಲ್ಲಾಡಿಸಿದ್ರೆ, ಅಲ್ಲಿಗೆ ಮುಗೀತು. ಇವತ್ತೊಂದು ದಿನ ದಯವಿಟ್ಟು ಯಾರೂ ಮುಟ್ಬೇಡಿ."

ಮುಟ್ಟಬೇಡಿ ಎನ್ನದೇ ಇದ್ದಿದ್ದರೆ ಬಹುಶಃ ಯಾರೂ ಮುಟ್ಟುತ್ತಿರಲಿಲ್ಲ. ಆ ಕಾಲೇಜಿನಲ್ಲಿ ಕಂಪ್ಯೂಟರು ಮುಟ್ಟುವ ಚಟ ಯಾರಿಗೂ ಇರಲಿಲ್ಲ.

ಶಿವರಂಜಿನಿ ಮೇಡಂ ಲೆಕ್ಕ ಒಪ್ಪಿಸಿ ಪಾಠಕ್ಕೆ ಹೋದರು. ತುಂಡುಗಳು ಹಂಚಿಹೋದವು. ಸ್ವಲ್ಪ ಹೊತ್ತಿಗೆಲ್ಲ ಈಶ್ವರ್ ಅವರಿಗೆ ಒಂದು ಅನುಮಾನ ಹತ್ತಿತು: ತನ್ನ ಮೆಷಿನ್ನಿಗೆ ಕೆಲಸ ಸಿಕ್ಕಿದೆಯೋ, ಇಲ್ಲ ವೆಂಕಟಾಚಲ ಎಲ್ಲವನ್ನೂ ಲೈಬ್ರರಿಗೇ ಕೊಟ್ಟುಬಿಟ್ಟಿದ್ದಾನೋ? ಪರದೆ ಕಪ್ಪಾಗಿತ್ತು. ನೋಡುವುದಕ್ಕೆಂದು ಮೌಸನ್ನು ಸ್ವಲ್ಪವೇ ಸ್ವಲ್ಪ ಅಲ್ಲಾಡಿಸಿದರು. ಒಳಗೆ ಕೂತು ಲೆಕ್ಕ ಮಾಡುತ್ತಿದ್ದ ತುಂಡು ಎದ್ದು ಹೋಯಿತು.

"ನಂದು ಖಾಲಿ ಕೂತಿದೆ!" ಎಂದು ಅವರು ಲ್ಯಾಬಿಗೆ ಓಡಿ ಬಂದರು.

"ನೀವು ಮುಟ್ಟಿದ್ದಕ್ಕೆ ಖಾಲಿ ಆಗಿದ್ದು ಸಾರ್."

"ಖಾಲಿ ಇದ್ಯಾ ಅಂತ ನೋಡೋಕೆ ಮುಟ್ಟಿದ್ದು ನಾನು."

ಅಷ್ಟರಲ್ಲಿ ಯಮುನಾ ಬಂದು ತನ್ನದೂ ಖಾಲಿ ಎಂದರು. ಅವರೂ ನೋಡಿದ್ದರು. ಆಫೀಸಿನಿಂದ ಓಡಿಹೋದ ತುಂಡು ತನ್ನಲ್ಲಿಗೆ ಬಂತೇ ಎಂದು ತಿಳಿಯುವ ಆಸೆ ಅವರದು. ಸಿಟ್ಟಿನಲ್ಲಿ ವೆಂಕಟಾಚಲ ಒಂದೊಂದು ಮೆಷಿನ್ನಿನ ಮೇಲೂ 'ಮುಟ್ಟಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. ಆಮೇಲೆ ದಾರಿಯಲ್ಲಿ ಹೋಗುವವರೂ ನಿಂತು, ಓದಿ, ಏನಾಗುತ್ತದೆಂದು ಬೆರಳಲ್ಲಿ ಒತ್ತಿ ನೋಡಿ ಹೋಗತೊಡಗಿದರು.

ಮಧ್ಯಾಹ್ನ ಊಟದ ಹೊತ್ತಿಗೆ ವಿಷಯ ಇನ್ನೂ ಕೆಟ್ಟಿತು. ಈಶ್ವರ್ ಕೈತೊಳೆಯಲು ಹೋದಾಗ ಯಮುನಾ ಆಫೀಸಿಗೆ ಬಂದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವರ ಕೀಲಿಮಣೆಯ ಮೇಲೆ ಅಂಗೈ ಊರಿ ಹೋದರು. ಆಫೀಸಿನಿಂದ ಎದ್ದ ಬಾಡಿಗೆದಾರ ಲೈಬ್ರರಿಗೆ ಬರಲಿ ಎಂಬ ಲೆಕ್ಕಾಚಾರ. ಇದನ್ನು ಕಿಟಕಿಯಿಂದ ಕಂಡ ಈಶ್ವರ್ ಬೇಡದ ಪುಸ್ತಕವೊಂದನ್ನು ಹುಡುಕುವ ನೆಪದಲ್ಲಿ ಲೈಬ್ರರಿಗೆ ಹೋಗಿ ಅಲ್ಲೇ ಕೂತು ಒಂದೇ ಸಮನೆ ಮೌಸ್ ಉಜ್ಜಿದರು. ಇಬ್ಬರನ್ನೂ ತಡೆಯಲು ಆಫೀಸಿಗೂ ಲೈಬ್ರರಿಗೂ ಓಡಾಡಿ ವೆಂಕಟಾಚಲನಿಗೆ ಏದುಸಿರು ಬಂತು. ಅವನು ಹೊರಗಿದ್ದಾಗ ಲ್ಯಾಬಿಗೆ ವಿದ್ಯಾರ್ಥಿಗಳು ನುಗ್ಗಿ ಅಲ್ಲಿನ ಮೆಷಿನ್ನುಗಳನ್ನೂ ಹಿಡಿದುಕೊಂಡಿದ್ದರು.

ಹದಿನೆಂಟರಲ್ಲಿ ಒಂದೂ ನೆಮ್ಮದಿಯಾಗಿ ಇರಲಿಲ್ಲ. ವೆಂಕಟಾಚಲ ಕುರ್ಚಿಯಲ್ಲಿ ಕುಸಿದ. ಸಂಜೆ ನಾರಾಯಣಪ್ಪನವರು ಬಂದು ನಗುತ್ತಾರೆ. ಸೋಮವಾರದಿಂದ ಕಶ್ಯಪನ ಮುಂದೆ ರಜಾ ಅರ್ಜಿ ಹಿಡಿದು ನಿಲ್ಲಬೇಕು. ಅವನು ಖಂಡಿತ 'ಅಯ್ಯೋ, ಅರ್ಜಿ ಎಲ್ಲ ಯಾಕೋ' ಎನ್ನುತ್ತಾನೆ. ಅದನ್ನು ನೆನೆದರೇ ಅವನಿಗೆ ಅಳು ಬಂದ ಹಾಗಾಯಿತು.

ನಾಲ್ಕು ಗಂಟೆಯ ಹೊತ್ತಿಗೆ ಶಿವರಂಜಿನಿ ಮೇಡಂ ಏದುಸಿರು ಬಿಡುತ್ತ ಬಂದರು. "ಸರ್, ಮುಗ್ದೋಯ್ತು!"

"ಗೊತ್ತು ಮೇಡಂ. ಎಲ್ಲಾ ಮುಗ್ದೋಯ್ತು."

"ಅಲ್ಲ ಸರ್, ಲೆಕ್ಕ! ಎಲ್ಲಾ ತುಂಡೂ ಮುಗ್ದು ಉತ್ತರ ಬಂದು ಕೂತಿದೆ. ನೀವು ದೇವ್ರು ಸರ್!"

ವೆಂಕಟಾಚಲ ಕಣ್ಣುಜ್ಜಿಕೊಂಡು ನೋಡಿದ. ನಿಜ. ಒಂದು ತುಂಡೂ ಬಾಕಿ ಇರಲಿಲ್ಲ. ಬೆಳಿಗ್ಗೆಯಿಂದ ಓಡಾಟದಲ್ಲಿ ನೋಡಲು ಪುರುಸೊತ್ತಾಗದ ಮೆಷಿನ್ನುಗಳ ಹಾಜರಿಯನ್ನು ಈಗ ತೆರೆದ. ಕೊನೆಯಲ್ಲಿ ಒಟ್ಟು ಸಂಖ್ಯೆ ಇತ್ತು: ನಲವತ್ತೆರಡು. ಅವನು ಒಂದು ಕ್ಷಣ ತಬ್ಬಿಬ್ಬಾದ. ಆದರೆ ಸಂತೋಷದಲ್ಲಿರುವ ಮನುಷ್ಯನಿಗೆ ಕಾರಣಗಳು ಬೇಗ ಸಿಗುತ್ತವೆ. ಈಗಿನ ಮೆಷಿನ್ನುಗಳಿಗೆ ಎರಡೆರಡು ಮೂರು ಮೂರು ಮಿದುಳು, ಒಂದೊಂದನ್ನೂ ಬೇರೆಯಾಗಿ ಎಣಿಸಿರಬೇಕು. ಏನಾದರಾಗಲಿ, ಕಶ್ಯಪನದು ಇಪ್ಪತ್ನಾಲ್ಕು, ತನ್ನದು ನಲವತ್ತೆರಡು!

ಅವನು ಅಲ್ಲಿಗೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇರಲಾಗಲಿಲ್ಲ. ಗೆಲುವನ್ನು ಕಶ್ಯಪ್ ಕಣ್ಣಾರೆ ನೋಡದಿದ್ದರೆ ಅದೆಂಥ ಗೆಲುವು? ನಾರಾಯಣಪ್ಪನವರಿಗೆ ಫೋನು ಹಚ್ಚಿದ. "ಸಾರ್, ಬರುವಾಗ ಕಶ್ಯಪ್‌ನೂ ಕರ್ಕೊಂಡ್ಬನ್ನಿ. ಅವನೂ ನೋಡ್ಬೇಕು."

ನಾರಾಯಣಪ್ಪನವರು ಕಶ್ಯಪನೊಂದಿಗೆ ಬಂದಿಳಿದಾಗ ಇಡೀ ಕಾಲೇಜು ಲ್ಯಾಬಿನಲ್ಲಿ ನೆರೆದಿತ್ತು. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿಯಿಂದ ಮೇಲೆ ಬಂದವರು ನಾರಾಯಣಪ್ಪ, ಕಣ್ಣಲ್ಲೇ ತೂಗುವ ಮನುಷ್ಯ.

"ನೋಡಪ್ಪ ವೆಂಕಟಾಚಲ, ನಂಗೆ ಈ ಕಂಪ್ಯೂಟ್ರು ಗಿಂಪ್ಯೂಟ್ರು ತಿಳಿಯಲ್ಲ. ಕೆಲ್ಸ ಆಯ್ತಾ, ಇಲ್ವಾ, ಅಷ್ಟ್ ಹೇಳು."

"ಆಯ್ತು ಸಾರ್. ಮೇಡಂ ಲೆಕ್ಕ ಒಂದೇ ದಿನದಲ್ಲಿ ಮುಗೀತು. ನಲವತ್ತೆರಡು, ನೋಡಿ!" ಎಂದು ವೆಂಕಟಾಚಲ ಪರದೆ ತೋರಿಸಿದ. ಹೇಳಿದ್ದು ನಾರಾಯಣಪ್ಪನವರಿಗೆ, ಕಣ್ಣಿದ್ದದ್ದು ಕಶ್ಯಪನ ಮುಖದ ಮೇಲೆ.

"ಇರೋದೇ ಹದಿನೆಂಟಲ್ವಾ?" ಎಂದರು ಈಶ್ವರ್, ತಡೆಯಲಾರದೆ.

ಕಶ್ಯಪ್ ಬಗ್ಗಿ ಪರದೆ ಓದಿದ. ಮೆಲ್ಲಗೆ ಬೆರಳು ಇಟ್ಟ. "ಇದು ಸಂಪಿಗೆ. ನನ್ನ ಲ್ಯಾಬಿನ ಮುಖ್ಯ ಮೆಷಿನ್ನು, ಸಂಪಿಗೆ ರಸ್ತೆ ಹೆಸ್ರಿಟ್ಟಿದೀನಿ. ಇದರ ಕೆಳಗಿರೋ ಇಪ್ಪತ್ಮೂರೂ ನನ್ನವೇ."

ವೆಂಕಟಾಚಲ ಫೈಲನ್ನು ಮತ್ತೆ ತೆರೆದು ನೋಡಿದ. ಟ್ರಸ್ಟಿನ ಎಲ್ಲ ಕಾಲೇಜುಗಳೂ ಒಂದೇ ಜಾಲದಲ್ಲಿದ್ದವು. ಫೈಲಿನಲ್ಲಿ 'ಮುಖ್ಯ ಮೆಷಿನ್ ಯಾವುದು' ಎಂಬ ಸಾಲೊಂದು ಇತ್ತು. ಅಲ್ಲಿ ಕಶ್ಯಪ್ ಎಂದಿರಲಿಲ್ಲ, ಸಂಪಿಗೆ ಎಂದಿತ್ತು. ಅವನು ಕಶ್ಯಪನನ್ನು ಅಳಿಸುವ ಅವಸರದಲ್ಲಿ ಸಂಪಿಗೆಯನ್ನು ನೋಡಲೇ ಇಲ್ಲ. ಬೆಳಿಗ್ಗೆಯಿಂದ ಅವನ ಹದಿನೆಂಟೂ ಮೆಷಿನ್ನುಗಳು ಮಲ್ಲೇಶ್ವರದ ಮುಂದೆ ಕೈಕಟ್ಟಿ ನಿಂತಿದ್ದವು. ಇಲ್ಲಿಂದ ಎಬ್ಬಿಸಿದ ತುಂಡುಗಳೆಲ್ಲ ಅಲ್ಲಿಗೆ ಹೋಗಿ ಮುಗಿದಿದ್ದವು.

ಈಗ ಬಯ್ಗುಳ ಬೀಳುತ್ತದೆ ಎಂದು ಅವನು ತಲೆ ತಗ್ಗಿಸಿದ. ಬಿದ್ದದ್ದು ಕಶ್ಯಪನ ಅಪ್ಪುಗೆ.

"ವೆಂಕ್ಟಾ, ಬೆಳಿಗ್ಗೆ ನಿನ್ ಮೆಷಿನ್‌ಗಳು ಒಂದೊಂದಾಗಿ ಬಂದು ನನ್ ಗುಂಪಿಗೆ ಸೇರ್ಕೊಂಡಾಗ ನಂಬೋಕೇ ಆಗ್ಲಿಲ್ಲ ಕಣೋ. ಈ ಪೋಸ್ಟಿಗೆ ಇಬ್ರೂ ಪೈಪೋಟಿ ಮಾಡ್ತಿರೋವಾಗ ಎಲ್ಲಾನೂ ತಂದು ನನ್ ಕೈಗೆ ಕೊಟ್ಯಲ್ಲೋ! ನಾನಾಗಿದ್ರೆ ಒಂದು ಮೌಸೂ ಕೊಡ್ತಿರ್ಲಿಲ್ಲ." ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಅಂಗಂದ್ರೆ?" ಎಂದರು ನಾರಾಯಣಪ್ಪ.

"ಇಷ್ಟು ದಿನ ಎರಡು ಕಾಲೇಜು ಬೇರೆ ಬೇರೆ ಇದ್ವು ಸಾರ್. ಇವತ್ತು ಇವ್ನು ಒಂದು ಮಾಡ್ದ. ನನ್ನನ್ನೇ ಮೇಲಿಟ್ಟು."

ನಾರಾಯಣಪ್ಪನವರು ವೆಂಕಟಾಚಲನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಿಜಾನಾ? ಬೇಕಂತಲೇ ಮಾಡಿದ್ದಾ?"

ವೆಂಕಟಾಚಲನಿಗೆ ಎರಡೇ ದಾರಿ ಇದ್ದವು. ಇಲ್ಲ ಸಾರ್, ಕದ್ದು ತಂದ ಫೈಲಿನಲ್ಲಿ ಹೆಸರು ಬದಲಾಯಿಸಲು ಮರೆತೆ ಎನ್ನಬೇಕು. ಅಥವಾ ಹೂಂ ಎನ್ನಬೇಕು.

"ಹೂಂ," ಎಂದ.

"ನಲವತ್ತು ವರ್ಷದ ವ್ಯಾಪಾರದಲ್ಲಿ ಹೊಟ್ಟೆಕಿಚ್ಚಿಲ್ದಿರೋ ಮನುಷ್ಯನ್ನ ನಾನು ಒಬ್ಬನ್ನೂ ನೋಡಿರ್ಲಿಲ್ಲ ಕಣಪ್ಪ. ಇವತ್ತು ನೋಡ್ದೆ!" ನಾರಾಯಣಪ್ಪನವರು ಅವನ ಬೆನ್ನು ತಟ್ಟಿದರು. "ಇನ್ನೇನು ಯೋಚ್ನೆ ಮಾಡೋದೈತೆ? ಕಶ್ಯಪ್ ಮುಖ್ಯಸ್ಥ. ವೆಂಕಟಾಚಲನೇ ಹಂಗೆ ತೀರ್ಮಾನ ಮಾಡ್ಬಿಟ್ಟವ್ನೆ. ಸೋಮವಾರದಿಂದ ಇವ್ನು ಮಲ್ಲೇಶ್ವರದಲ್ಲಿ ಕಶ್ಯಪ್ ಪಕ್ಕದಲ್ಲೇ ಕೂರ್ಲಿ. ಇಂಥವ್ರನ್ನ ಬೇರೆ ಮಾಡ್ಬಾರ್ದು."

ಲ್ಯಾಬೆಲ್ಲ ಚಪ್ಪಾಳೆ ತಟ್ಟಿತು. ನಾರಾಯಣಪ್ಪನವರು ಕಾರಿನಿಂದ ಒಂದು ಮೈಸೂರು ಪೇಟ ತರಿಸಿದರು. ವೆಂಕಟಾಚಲ ತನಗೇ ಎಂದುಕೊಂಡು ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿದ. ಅವರು ಪೇಟವನ್ನು ಅವನ ಕೈಗೆ ಕೊಟ್ಟರು.

"ನೀನೇ ತೊಡಿಸಪ್ಪ ಕಶ್ಯಪ್‌ಗೆ. ಆ ಯೋಗ್ಯತೆ ನಿಂಗೊಬ್ಬನಿಗೇ ಇರೋದು."

ವೆಂಕಟಾಚಲ ತೊಡಿಸಿದ. ಪೇಟ ಕಶ್ಯಪನ ತಲೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಹಿಂದೆ ನಿಂತಿದ್ದ ಈಶ್ವರ್, ಯಮುನಾ ಅವರ ಕಿವಿಯಲ್ಲಿ ಉಸುರಿದರು: "ನೋಡಿದ್ರಾ ಮೇಡಂ, ಎಲ್ಲಾ ಹೊಗಳಿಕೆನೂ ಇವ್ರಿಗೇ. ಬೆಳಿಗ್ಗೆಯಿಂದ ಮೌಸ್ ಅಲ್ಲಾಡ್ಸಿ ಅಲ್ಲಾಡ್ಸಿ ಕೈ ನೋಯಿಸ್ಕೊಂಡಿದ್ದು ನಾವು."