ಹೊಡೆದಾಟ ಕಲಿಯಲು ಬಂದವರು

ಸೀರೆ, ಸಂಬಂಧ, ಶಾಲೆ ಇವುಗಳನ್ನು ಆರಿಸುವಾಗ ಮನುಷ್ಯ ಅಷ್ಟಿಷ್ಟಾದರೂ ಯೋಚಿಸುತ್ತಾನೆ. ಹೊಡೆದಾಟದ ವಿದ್ಯೆಯನ್ನು ಆರಿಸಲು ಬಂದಾಗ ಮಾತ್ರ ತಲೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ. ಇದು ಅಪರೂಪವಲ್ಲ, ದಿನನಿತ್ಯ ನಡೆಯುವಂಥದು. ನಾನು ಅದನ್ನು ಒಂದು ಮೇಜಿನ ಹಿಂದೆ ಕುಳಿತು ಕಣ್ಣಾರೆ ನೋಡಿದ್ದೇನೆ.

ಎಪ್ಪತ್ತರ ದಶಕದ ನಡುಭಾಗ. ನಾನು ತರ್ಕಶಾಸ್ತ್ರದಲ್ಲಿ ಬಿ.ಎ. ಮುಗಿಸಿದ್ದೆ. ದೇಶಕ್ಕೆ ತರ್ಕದ ಅಗತ್ಯವಿಲ್ಲವೆಂದು ಎರಡು ವರ್ಷ ಅರ್ಜಿ ಬರೆದ ಮೇಲೆ ತಿಳಿಯಿತು. ಆಮೇಲೆ ಸೊಲ್ಲಾಪುರದ ಒಂದು ಹಳೆಯ ತಾಲೀಮಿನಲ್ಲಿ ಕಾರಕೂನನಾದೆ. ಬೇರೆ ಕಡೆ ಗರಡಿಮನೆ ಎನ್ನುವುದನ್ನು ನಮ್ಮಲ್ಲಿ ತಾಲೀಮು ಎನ್ನುತ್ತಾರೆ. ಅಲ್ಲಿ ಕೆಂಪು ಮಣ್ಣಿನ ಒಂದು ಅಖಾಡವಿತ್ತು. ಕರಜಗಿ ಕಡೆಯಿಂದ ಬಂದು ಇಲ್ಲೇ ಮುದುಕನಾದ ವಸ್ತಾದನೊಬ್ಬ ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ, ದಿನಾಲೂ ಅಗೆದು ನೀರು ಚಿಮುಕಿಸಿ, ಕುಸ್ತಿ ಕಲಿಸುತ್ತಿದ್ದ.

ಅಷ್ಟರಲ್ಲಿ ಒಂದು ಪರದೇಶಿ ಹೊಡೆದಾಟದ ಸಿನಿಮಾ ಊರಿನ ಟಾಕೀಸಿನಲ್ಲಿ ವಾರಗಟ್ಟಲೆ ಓಡಿತು. ಅದರ ಬೆನ್ನಿಗೇ ಮುಂಬಯಿಯಲ್ಲಿ ಕರಾಟೆ ಕಲಿತ ತರುಣನೊಬ್ಬ ನಮ್ಮ ತಾಲೀಮಿಗೆ ಬಂದ. ಅವನನ್ನು ಎಲ್ಲರೂ 'ಸರ್' ಎಂದು ಕರೆದರು. ತಾಲೀಮಿನ ಅಧ್ಯಕ್ಷರು ನೂಲಿನ ವ್ಯಾಪಾರಿಗಳು. ಅವರು ಇಬ್ಬರನ್ನೂ ನಿಲ್ಲಿಸಿ ಹೇಳಿದರು:

“ಜಾಗಾ ಒಂದ, ಕಲಸಾವ್ರು ಇಬ್ಬರು. ದಸರಾ ತನಕಾ ನೋಡೂಣು. ಕರಾಟೆಗೆ ಹೆಚ್ಚ ಮಂದಿ ಬಂದ್ರ ಅಖಾಡ ಮುಚ್ಚಿ ಫರಸಿ ಹಾಸೂದು. ವಸ್ತಾದ, ಸಿಟ್ಟಾಗಬ್ಯಾಡ್ರಿ, ಜಮಾನಾ ಬದಲ್ಯಾಗೇತಿ.”

ವಸ್ತಾದ ಸಿಟ್ಟಾಗಲಿಲ್ಲ. ಫರಸಿಗಲ್ಲಿನ ಮೇಲೆ ಕುಸ್ತಿ ಆಡಲು ಬರುವುದಿಲ್ಲ, ಬೇರೆ ಕೆಲಸ ಮಾಡಲು ಅವನಿಗೆ ಬರುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು.

ನನಗೆ ಒಪ್ಪಿಸಿದ ಕೆಲಸವೆಂದರೆ, ಬಂದವರಿಗೆ ಯಾವ ವಿದ್ಯೆ ಒಗ್ಗುವುದೆಂದು ನಿಷ್ಪಕ್ಷಪಾತವಾಗಿ ತಿಳಿಸಿ ಹೆಸರು ಬರೆದುಕೊಳ್ಳುವುದು. ನಾನು ವಯಸ್ಸು, ತೂಕ, ಸ್ವಭಾವ, ಉದ್ದೇಶಗಳನ್ನು ಒಳಗೊಂಡ ಒಂಬತ್ತು ಪ್ರಶ್ನೆಗಳ ಪತ್ರಿಕೆಯನ್ನು ಸಿದ್ಧಪಡಿಸಿದೆ. ಅದರಲ್ಲಿ ಒಂದು ದೋಷವೂ ಇರಲಿಲ್ಲ. ದೋಷವೆಲ್ಲ ಉತ್ತರಿಸಲು ಬಂದವರಲ್ಲಿತ್ತು.

೧. ಬಣ್ಣದ ಪ್ರಶ್ನೆ

ಮೊದಲು ಬಂದವರು ಒಬ್ಬ ಅರಿವೆ ವ್ಯಾಪಾರಿ. ಜೊತೆಯಲ್ಲಿ ಹತ್ತು ವರ್ಷದ ಮಗ.

“ಉದ್ದೇಶ?” ಎಂದು ಕೇಳಿದೆ.

“ನಮ್ಮ ಹುಡುಗಗ ಯಾರೂ ಹೊಡೀಬಾರದು. ಇವನೂ ಯಾರಿಗೂ ಹೊಡೀಬಾರದು. ಇಂಥಾದ್ದ ಯಾವದೈತಿ ತೋರಸ್ರಿ.”

“ಅದನ್ನು ನಿಮ್ಮ ಮನೆಯಲ್ಲಿ ಕುಳಿತೇ ಸಾಧಿಸಬಹುದು” ಎಂದೆ.

ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ತಮ್ಮಿಂದ ಅರಿವೆಯ ಥಾನುಗಳನ್ನೆಲ್ಲ ಬಿಚ್ಚಿಸುತ್ತಾರಲ್ಲ, ಆ ಸೇಡನ್ನು ನಮ್ಮ ಮೇಲೆ ತೀರಿಸಿಕೊಂಡರು. ಕುಸ್ತಿಯ ಎಂಟು ಪಟ್ಟು ಹಾಕಿಸಿದರು, ಕರಾಟೆಯ ಹನ್ನೆರಡು ಒದೆ ತೋರಿಸಲು ಹಚ್ಚಿದರು, “ಇನ್ನೊಂದ ತೋರಸ್ರಿ, ಸ್ವಲ್ಪ ಫಿಕ್ಕಾ ಬಣ್ಣದ್ದು” ಎಂದರು. ಕಡೆಗೆ ಕರಾಟೆಯವರು ಸೊಂಟಕ್ಕೆ ಕಟ್ಟುವ ಪಟ್ಟಿಗಳ ಮೇಲೆ ಕಣ್ಣು ಬಿತ್ತು. ಮೊದಲು ಬಿಳಿ, ಆಮೇಲೆ ವರ್ಷವರ್ಷಕ್ಕೂ ಬೇರೆ ಬೇರೆ ಬಣ್ಣ, ಎಲ್ಲಕ್ಕೂ ಕೊನೆಗೆ ಕಪ್ಪು ಎಂದು ಸರ್ ಭಕ್ತಿಯಿಂದ ವಿವರಿಸಿದ.

ವ್ಯಾಪಾರಿ ಬಿಳಿ ಪಟ್ಟಿಯನ್ನು ಬೆರಳಲ್ಲಿ ಹೊಸಕಿ ನೋಡಿ ಹೇಳಿದರು: “ಬಿಳೇದು ಎರಡ ದಿನಕ್ಕ ಹೊಲಸ ಆಗತೈತ್ರಿ. ಕಡೀಕ್ಕ ಕರೇದನ್ನ ಕೊಡಾವ್ರಿದ್ದೀರಿ, ಅದನ್ನ ಈಗ ಕೊಟ್ಟ ಬಿಡ್ರಿ. ಕರೇದು ಮಾಸಂಗಿಲ್ಲ.”

೨. ಅನುಭವಸ್ಥರು

ವಯಸ್ಕರಿಗಾಗಿ ಬೆಳಗಿನ ವರ್ಗವೊಂದಿತ್ತು. ಅದಕ್ಕೆ ಸರಕಾರಿ ಕಚೇರಿಯೊಂದರ ಹೆಡ್ ಕ್ಲಾರ್ಕ್ ಬಂದರು. ಕೋಟು, ಟೊಪ್ಪಿಗೆ, ಕೈಯಲ್ಲಿ ಕೊಡೆ. ನನ್ನ ಪ್ರಶ್ನಪತ್ರಿಕೆಯನ್ನು ಮೆಚ್ಚಿದ ಒಬ್ಬರೇ ವ್ಯಕ್ತಿ ಅವರು. ಆದರೆ ಮೂರು ಪ್ರತಿ ಏಕಿಲ್ಲ ಎಂದು ಕೇಳಿದರು.

ಕುಸ್ತಿ ಬೇಡವೆಂದರು. ಅದಕ್ಕೆ ಕೋಟು ಬಿಚ್ಚಬೇಕಾಗುತ್ತದೆ. ಕರಾಟೆಗೆ ಹೆಸರು ಬರೆದುಕೊಂಡೆ.

ಮೊದಲ ದಿನ ಸರ್ ಅವರೆದುರು ನಿಂತು ಪಾಠ ಶುರುಮಾಡಿದ: “ರಾವಸಾಹೇಬ್, ವೈರಿ ಮೈಮ್ಯಾಲ ಬಂದ್ರ ಹೊಡೀಲಿಕ್ಕೆ ಗಡಬಡಿ ಮಾಡಬಾರದ್ರಿ. ಮೊದಲ ಅಡ್ಡಾ ಕೈ ಹಾಕಿ ತಡೀಬೇಕು. ಒಂದು ವರ್ಷ ಬರೇ ತಡಿಯೂದ ಕಲಸ್ತೀನಿ.”

ಹೆಡ್ ಕ್ಲಾರ್ಕರು ಕೊಡೆಯನ್ನು ಎತ್ತಿಕೊಂಡರು.

“ತಡಿಯೂದು ಬ್ಯಾಡ್ರಿ. ಇಪ್ಪತ್ತೆಂಟು ವರ್ಷ ಸರ್ವಿಸ್ ಆಗ್ಯದ. ನನ್ನ ಮೇಜು ದಾಟಿ ಒಂದು ಕಾಗದ ಮುಂದ ಹೋಗಿಲ್ಲ.”

೩. ಅಕ್ಕಲಕೋಟದ ಬಸ್ಸು

ಇಂಥವರನ್ನು ಬಿಟ್ಟರೂ ಕರಾಟೆಯ ಕಡೆ ಹೆಸರುಗಳು ಬೆಳೆಯುತ್ತಲೇ ಇದ್ದವು. ವಸ್ತಾದ ಪ್ರತಿ ಸಂಜೆ ನನ್ನ ಮೇಜಿನ ಬಳಿ ಬಂದು, “ಸಾಹೇಬ್ರ, ಇವತ್ತ ನನ್ನ ಕಡೆ ಯಾರರೆ ಬಂದ್ರೇನ್ರಿ?” ಎಂದು ಕೇಳುತ್ತಿದ್ದ. “ಇಲ್ಲ” ಎನ್ನುತ್ತಿದ್ದೆ. ಅವನು ಹೋಗಿ ಅಖಾಡಕ್ಕೆ ನೀರು ಚಿಮುಕಿಸುತ್ತಿದ್ದ.

ಉತ್ಸಾಹಗೊಂಡ ಅಧ್ಯಕ್ಷರು, ಪ್ರತಿ ಗುರುವಾರ ಸ್ವಾಮಿಗಳ ದರ್ಶನಕ್ಕೆ ಜನ ಮುಗಿಬೀಳುವ ಅಕ್ಕಲಕೋಟದಲ್ಲೂ ಐತವಾರಕ್ಕೊಂದು ಕರಾಟೆ ವರ್ಗ ತೆರೆಯಬೇಕೆಂದರು. ಸರ್ ಮತ್ತು ನಾನು ಎಸ್.ಟಿ. ಸ್ಟ್ಯಾಂಡಿಗೆ ಹೋದೆವು. ಬಸ್ಸು ಬಂದು ನಿಂತಿತು. ಸರ್ ಪಾದಗಳನ್ನು ಊರಿ, ಉಸಿರು ಬಿಗಿಹಿಡಿದು, ಬಾಗಿಲಿನ ಎದುರಿಗೇ ನಿಂತ. ಆಗ ಹಿಂದಿನಿಂದ ಒಬ್ಬ ಆಯಿ ಬಂದಳು. ವಯಸ್ಸು ಎಪ್ಪತ್ತರ ಆಸುಪಾಸು, ತೂಕ ಒಂದು ಚೀಲ ಜೋಳಕ್ಕಿಂತ ಕಡಿಮೆ. ಆಕೆಯ ಗಂಟು ಕಿಟಕಿಯೊಳಗಿಂದ ಸೀಟಿನ ಮೇಲೆ ಬಿದ್ದದ್ದು, ಎಡ ಮೊಣಕೈ ಸರ್‌ನ ಪಕ್ಕೆಗೆ ತಾಗಿದ್ದು, ಬಲ ಮೊಣಕೈ ಇನ್ನೊಬ್ಬನನ್ನು ಸರಿಸಿದ್ದು, ಆಕೆ ಒಳಗೆ ಕುಳಿತು ಎಲೆ ಅಡಿಕೆ ಬಿಚ್ಚಿದ್ದು ಇವೆಲ್ಲ ಒಂದೇ ಕ್ಷಣದಲ್ಲಿ ಆದವು. ಸರ್ ಡಾಂಬರಿನ ಮೇಲೆ ಕುಳಿತಿದ್ದ.

ಅಕ್ಕಲಕೋಟದವರೆಗೂ ನಾವು ನಿಂತೇ ಹೋದೆವು. ಸರ್ ಪ್ರಾಮಾಣಿಕ ವಿದ್ಯಾರ್ಥಿ, ತಡೆಯಲಾರದೆ ಆಯಿಯ ಕಡೆ ಬಾಗಿ ಕೇಳಿದ: “ಆಯೀ, ಅದು ಯಾವ ಡಾವ, ಯಾವ ಪಟ್ಟು? ಎಲ್ಲಿ ಕಲತೀ?”

ಆಯಿ ಅವನ ಮೇಲೆ ಕನಿಕರಪಟ್ಟಳು. “ಇದ್ಯಾವ ಡಾವೋ ಯಪ್ಪಾ! ಇವತ್ತ ಐತವಾರ, ಮಂದಿ ಗರ್ದೀನ ಇಲ್ಲ. ಗುರುವಾರ ಬಂದ ನೋಡ.”

೪. ಪ್ರಾತ್ಯಕ್ಷಿಕೆ

ದಸರಾ ಹತ್ತಿರ ಬಂತು. ಫರಸಿಗಲ್ಲು ತುಂಬಿದ ಎತ್ತಿನ ಗಾಡಿ ತಾಲೀಮಿನ ಬಾಗಿಲಿಗೆ ಬಂದು ನಿಂತಿತು. ಇನ್ನೂ ನಿರ್ಧರಿಸದಿದ್ದ ಪಾಲಕರಿಗಾಗಿ ಕೊನೆಯದೊಂದು ಪ್ರಾತ್ಯಕ್ಷಿಕೆ ಏರ್ಪಾಡಾಯಿತು. ವಸ್ತಾದ ಮತ್ತು ಸರ್ ಅಖಾಡದಲ್ಲಿ ಎದುರುಬದುರು ನಿಂತು ತಮ್ಮ ತಮ್ಮ ವಿದ್ಯೆಯನ್ನು ತೋರಿಸಬೇಕು. ಪೆಟ್ಟು ಮಾತ್ರ ಬೀಳಬಾರದು. ಸುತ್ತಲೂ ಜಮಖಾನೆಯ ಮೇಲೆ ಜನ ಕಿಕ್ಕಿರಿದಿದ್ದರು. ವಸ್ತಾದ ಹೊಸ ಲಂಗೋಟಿ ಕಟ್ಟಿದ್ದ. ಕೊನೆಯ ಸಲವೆಂದು ಮಣ್ಣನ್ನು ಎರಡು ಬಾರಿ ಅಗೆದಿದ್ದ.

ಕರಾಟೆಯ ನಿಯಮದಂತೆ ಸರ್ ಮೊದಲು ಜನರಿಗೆ ನಡು ಬಾಗಿಸಿ ವಂದಿಸಿದ. ನಮ್ಮ ಊರಿನವರು ಮರ್ಯಾದಸ್ಥರು. ಅಷ್ಟೂ ಜನ ಎದ್ದು ನಿಂತು, “ಶರಣ್ರಿ, ಶರಣ್ರಿ” ಎಂದು ಕೈ ಮುಗಿದರು. ವಂದನೆಗೆ ಪ್ರತಿವಂದನೆ ಕೊಡಬೇಕೆಂದು ಮುಂಬಯಿಯಲ್ಲಿ ಕಲಿಸಿದ್ದರು. ಸರ್ ಮತ್ತೆ ಬಾಗಿದ. ಜನ ಮತ್ತೆ ಎದ್ದರು. ನಾಲ್ಕನೆಯ ಸಲಕ್ಕೆ ಹಿಂದಿನಿಂದ ಒಬ್ಬರು, “ಸಾಕ ಕೂಡ್ರಿ, ಚಾ ಆತೇನ್ರಿ?” ಎಂದು ಕೇಳಿದರು. ಅಧ್ಯಕ್ಷರು ಕೈ ಎತ್ತಿ ಎಲ್ಲರನ್ನೂ ಕೂರಿಸಬೇಕಾಯಿತು.

ಆಮೇಲೆ ಸರ್ ವಸ್ತಾದನತ್ತ ತಿರುಗಿದ. ಕಾಲು ಅಗಲಿಸಿ, ಮುಷ್ಟಿ ಬಿಗಿದು, ಬಲಗೈಯನ್ನು ಹಿಂದಕ್ಕೆ ಸೊಂಟದವರೆಗೆ ಎಳೆದುಕೊಂಡು, ಮುಖ ಕಿವಿಚಿ, ಎದುರಾಳಿಯ ಎದೆ ನಡುಗಿಸಬೇಕಾದ ಆ ಕೂಗನ್ನು ಹಾಕಿದ.

ಇಲ್ಲೊಂದು ವಿಷಯವನ್ನು ಹೇಳಬೇಕು. ನಮ್ಮ ಕಡೆ ಎಲುಬು ಸರಿದವರನ್ನು ಮೊದಲು ದವಾಖಾನೆಗೆ ಒಯ್ಯುವುದಿಲ್ಲ, ತಾಲೀಮಿಗೆ ಒಯ್ಯುತ್ತಾರೆ. ಎಲುಬು ಕೂಡಿಸುವುದು ವಸ್ತಾದನ ಧರ್ಮ. ಅಂಥ ಕೂಗನ್ನು, ಅಂಥ ಮುಖವನ್ನು, ಹಾಗೆ ಹಿಂದಕ್ಕೆ ಎಳೆದುಕೊಂಡ ಕೈಯನ್ನು ನಲವತ್ತು ವರ್ಷಗಳಲ್ಲಿ ಅವನು ಒಂದೇ ಸಂದರ್ಭದಲ್ಲಿ ನೋಡಿದ್ದ.

“ತಡೀ ತಮ್ಮಾ, ಅಲಗ್ಯಾಡಬ್ಯಾಡ! ಖಾಂದಾ ಸರದೈತಿ, ಹೆಗಲಿನ ಎಲುಬು!”

ಎರಡೇ ಹೆಜ್ಜೆ. ಸರ್ ಕೆಂಪು ಮಣ್ಣಿನ ಮೇಲೆ ಅಂಗಾತ ಬಿದ್ದಿದ್ದ. ವಸ್ತಾದನ ಹಿಮ್ಮಡಿ ಅವನ ಬಗಲಲ್ಲಿತ್ತು. ಸರ್‌ಗೆ ಗೊತ್ತಿದ್ದ ತಡೆಗಳೆಲ್ಲ ಹೊಡೆಯಲು ಬರುವವನಿಗಾಗಿ ರಚಿತವಾದವು. ಉಪಚಾರ ಮಾಡಲು ಬರುವವನಿಗೆ ಕರಾಟೆಯಲ್ಲಿ ತಡೆಯಿಲ್ಲ.

“ಬಿಡ್ರಿ! ನನಗೇನೂ ಆಗಿಲ್ರಿ!” ಎಂದು ಸರ್ ಚೀರಿದ.

“ಎಲ್ಲಾರೂ ಹಂಗ ಅಂತಾರ” ಎಂದ ವಸ್ತಾದ, ಮತ್ತು ಎಳೆದ.

ಲಟಕ್ ಎಂಬ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಆಮೇಲೆ ಮುಂದಿನ ಸಾಲಿನ ದಪ್ಪ ಹೆಂಗಸೊಬ್ಬಳು ಮೆಲ್ಲಗೆ ಎದ್ದು, “ಅಣ್ಣಾ, ನನ್ನ ಮಣಕಾಲೊಂದೀಟ ನೋಡ್ರಿ” ಎಂದಳು. ಅವಳ ಹಿಂದೆ ಗಂಡ ನಿಂತ. ಗಂಡನ ಹಿಂದೆ ಎರಡು ಸೀರೆ ಅಂಗಡಿಗಳ ಮಾಲಕರು. ಸಾಲು ಬಾಗಿಲು ದಾಟಿ ಫರಸಿ ಗಾಡಿಯವರೆಗೆ ಬೆಳೆಯಿತು. ಗಾಡಿಯವನೂ ಇಳಿದು ಸಾಲಿನಲ್ಲಿ ಸೇರಿದ.

ನಾನು ನಿಯಮ ಬಿಟ್ಟವನಲ್ಲ. ಒಬ್ಬೊಬ್ಬರಿಗೂ ಪ್ರಶ್ನಪತ್ರಿಕೆಯನ್ನು ಕೊಟ್ಟೆ. 'ಯಾವ ವಿದ್ಯೆಯನ್ನು ಆರಿಸಿದಿರಿ?' ಎಂಬ ಒಂಬತ್ತನೆಯ ಪ್ರಶ್ನೆಗೆ ಉತ್ತರಗಳು ಹೀಗಿದ್ದವು: ಸೊಂಟ, ಮೊಣಕಾಲು, ಕುತ್ತಿಗೆ, ಸೊಂಟ, ಸೊಂಟ. ಅಧ್ಯಕ್ಷರು ಎಲ್ಲರಿಗಿಂತ ಮೊದಲೇ ಕೋಟು ತೆಗೆದು ಅಖಾಡದಲ್ಲಿ ಬೋರಲು ಮಲಗಿದ್ದರು. ವಸ್ತಾದನ ಹೆಬ್ಬೆರಳು ಅವರ ಬೆನ್ನಿನ ಮೇಲೆ ಇಳಿಯುತ್ತಿದ್ದಂತೆ, ಮಣ್ಣಿನೊಳಗಿಂದಲೇ ಠರಾವು ಹೊರಬಿತ್ತು:

“ಯವ್ವಾ... ಆ ಫರಸಿ ಗಾಡೀ ತಿರಿಗಿ ಕಳಸ್ರಿ! ಕಲ್ಲಿನ ಮ್ಯಾಲ ಹಿಂಗ ಮಲಗಾಕ ಬರತೈತೇನು?”

ಅಖಾಡ ಉಳಿಯಿತು. ಕುಸ್ತಿಗೆ ಅಂದೂ ಒಂದು ಹೆಸರೂ ಬರಲಿಲ್ಲ. ವಸ್ತಾದನಿಗೆ ಅದರ ಚಿಂತೆ ಮಾಡಲು ಪುರುಸೊತ್ತಿರಲಿಲ್ಲ.

ಮರುದಿನ ಮುಂಜಾನೆ ನಾನು ಬೀಗ ತೆಗೆಯುವ ಮೊದಲೇ ಸರ್ ಬಾಗಿಲಲ್ಲಿ ನಿಂತಿದ್ದ. ತುಂಬಿದ ಸಭೆಯಲ್ಲಿ ಅವಮಾನವಾಗಿತ್ತು. ರಾಜೀನಾಮೆಯೋ ತಕ್ರಾರೋ ಖಚಿತವೆಂದು ನಾನು ಒಂದು ಬಿಳಿ ಹಾಳೆ ಮತ್ತು ಪೆನ್ನನ್ನು ಅವನ ಮುಂದೆ ಸರಿಸಿದೆ. ಅವನು ಹಿಂದೆ ಮುಂದೆ ನೋಡಿ, ಬಲಗೈಯನ್ನು ಗಾಳಿಯಲ್ಲಿ ಮೂರು ಸುತ್ತು ತಿರುಗಿಸಿ, ದನಿ ತಗ್ಗಿಸಿ ಹೇಳಿದ:

“ನಾಕು ವರ್ಷದಿಂದ ಈ ಕೈ ಇಷ್ಟ ಮ್ಯಾಲ ಏಳತಿದ್ದಿಲ್ರಿ. ಎಡಗೈಗೆ ಯಾವಾಗ ಕೂಗಲಿ, ವಸ್ತಾದಗ ಕೇಳ್ರಿ.”