ಯುದ್ಧಕ್ಕೆ ಹೋದ ಮೋಟಾರು

ದೂರದೇಶದ ಆಕಾಶದಲ್ಲಿ ಬಾಂಬು ಹೊತ್ತು ಸಂಚರಿಸುತ್ತಿರುವ ಯುದ್ಧದ ಡ್ರೋನ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಪೆರೇಸಂದ್ರದ ಪಕ್ಕದ ದ್ರಾಕ್ಷಿ ತೋಟದಿಂದ ರಾಧಾಮಣಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಟೀವಿಯಲ್ಲಿ ದಿನವೂ ನೋಡುತ್ತಿದ್ದೇವೆ. ನಾವು ಅಷ್ಟು ಕ್ಷೇಮವಿಲ್ಲ. ನಮ್ಮಲ್ಲೂ ತಮ್ಮ ಕುಲಬಾಂಧವರೊಬ್ಬರಿದ್ದಾರೆ: ದ್ರಾಕ್ಷಿ ಚಪ್ಪರದ ಮೇಲೆ ಹಾರಿ ಔಷಧಿ ಸಿಂಪಡಿಸುವ ಡ್ರೋನು. ನಮ್ಮ ಮಹಿಳಾ ಸಂಘಕ್ಕೆ ಬಂದದ್ದು, ಹಾರಿಸುವವಳು ನಾನೇ. ವರ್ಷಗಟ್ಟಲೆ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಔಷಧಿ ಹೊಡೆದು ಕೆಮ್ಮು ಸಂಪಾದಿಸಿರುವ ನಮ್ಮ ಮಾವ ಜಯರಾಮಪ್ಪನವರಿಗೆ ಇನ್ನು ಆ ಗಾಳಿಯೂ ಸೋಕಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ ಮೇಲೆ, ಆ ಡ್ರೋನೇ ನಮ್ಮ ಮನೆದೇವರಾಗಿತ್ತು.

ದೇವರೆಂದ ಮೇಲೆ ಪೂಜೆ ಆಗಬೇಡವೇ? ಆಯುಧಪೂಜೆಯ ದಿನ ಟ್ರ್ಯಾಕ್ಟರು, ಕುಡುಗೋಲು, ಮಿಕ್ಸಿಗಳ ಸಾಲಿನಲ್ಲಿ ಅದನ್ನೂ ಕೂರಿಸಿದೆವು. ನಮ್ಮತ್ತೆ ಲಕ್ಷ್ಮೀನರಸಮ್ಮನವರು ಭಕ್ತಿಯಲ್ಲಿ ಕೈ ಬಿಗಿ ಮಾಡುವವರಲ್ಲ. "ಯಾವ ಮೋಟ್ರಿಗೂ ಬೇಜಾರಾಗ್ಬಾರ್ದು ಕಣಮ್ಮ" ಎನ್ನುತ್ತ ಒಂದೊಂದು ಮೋಟಾರಿನ ಸಂದಿಗೂ ಅರಿಶಿನ ಕುಂಕುಮ ತುಂಬಿದರು. ಮರುದಿನ ಅದು ಗೊರ್ರೆಂದು ಎರಡಡಿ ಎದ್ದು, ಕೆಂಪು ಧೂಳು ಕಾರಿ, ದೊಪ್ಪನೆ ಕುಳಿತುಬಿಟ್ಟಿತು. ಮೋಟಾರುಗಳು ಸುಟ್ಟುಹೋಗಿದ್ದವು.

ಇಲ್ಲಿಯವರೆಗೆ ತಮ್ಮ ಮೇಲೆ ದೂರಿಲ್ಲ. ಹೊಸ ಮೋಟಾರು ಕೇಳಿದರೆ ಚಿಕ್ಕಬಳ್ಳಾಪುರದ ರಿಪೇರಿ ಅಂಗಡಿಯ ಸುನೀಲ್, "ಎಲ್ಲಾ ಯುದ್ಧಕ್ಕೆ ಹೋಗ್ತಾ ಐತಂತೆ ಅಕ್ಕಾ, ನಮ್ಗೆ ಯಾವಾಗ್ ಬರ್ತೈತೋ ಏನೋ" ಎಂದು ಕೈಚೆಲ್ಲಿದ. ಆಹಾ, ಎಂಥ ಭಾಗ್ಯ! ಒಂದು ದೇಶದ ಆಯಸ್ಕಾಂತ, ಇನ್ನೊಂದರ ತಂತಿ, ಮತ್ತೊಂದರ ಬೇರಿಂಗು ಕೂಡಿ ಆದ ಮೋಟಾರು, ನಮ್ಮ ತೋಟಕ್ಕೆ ಬರುವ ಬದಲು ತಮ್ಮ ಸೇವೆಗೆ ತಿರುಗಿತಲ್ಲ! ಜಗತ್ತೇ ಒಂದು ಹಳ್ಳಿಯಾಗಿದೆ ಎಂದು ದೊಡ್ಡವರು ಭಾಷಣ ಬಿಗಿದಾಗ ನಾನು ನಂಬಿರಲಿಲ್ಲ, ಈಗ ನಂಬಿದೆ. ಆದರೆ ಸ್ವಾಮಿ, ಹಳ್ಳಿಯೆಂದರೆ ಹೀಗಲ್ಲ. ನಮ್ಮಲ್ಲೂ ಬದುವಿಗಾಗಿ ಅಣ್ಣತಮ್ಮಂದಿರು ಹೊಡೆದಾಡುತ್ತಾರೆ. ಹಾಗೆಂದು ಮೂರನೆಯವರ ಹಿತ್ತಿಲಿನ ಗುದ್ದಲಿ ಎತ್ತಿಕೊಂಡು ಹೋಗುವುದಿಲ್ಲ.

ತಮ್ಮ ಗುರಿಯನ್ನಂತೂ ಹೊಗಳದೆ ಇರಲಾರೆ. ಸಾವಿರಾರು ಮೈಲಿ ಆಚೆ ಯಾರದೋ ಮನೆಗೆ ಇಟ್ಟ ಗುರಿ ನಮ್ಮ ಮಾವನ ಎದೆಗೂ ತಾಗಿದೆ. ಮೋಡ ಕವಿದು, ಹೂ ಬಿಟ್ಟ ಬಳ್ಳಿಗೆಲ್ಲ ಬೂಜು ಹತ್ತುತ್ತಿದೆ, ಆಳು ಸಿಗುತ್ತಿಲ್ಲ. ನಿನ್ನೆ ಅವರೇ ಅಟ್ಟದಿಂದ ಹಳೇ ಟ್ಯಾಂಕು ಇಳಿಸಿದರು. ನಾನು ಹೊಡೆಯುತ್ತೇನೆಂದು ಕಿತ್ತುಕೊಳ್ಳಹೋದರೆ, "ನನ್ನೆದೆ ಹೆಂಗೂ ಹಾಳಾಗೈತೆ, ನಿಂಗ್ಯಾಕಮ್ಮ ಈ ವಿಷ" ಎಂದು ಗದರಿ ಬೆನ್ನಿಗೇರಿಸಿಕೊಂಡರು. ಈ ಪತ್ರ ಬರೆಯುವಾಗಲೂ ಚಪ್ಪರದ ಕೆಳಗಿನಿಂದ ಅವರ ಕೆಮ್ಮು ಕೇಳುತ್ತಿದೆ.

ಆದ್ದರಿಂದ ಒಂದು ವಿನಂತಿ. ಮೈಮೇಲಿನ ಮೋಟಾರು ಬಿಚ್ಚಿಕೊಡಿ ಎಂದು ಕೇಳುವಷ್ಟು ಒರಟರಲ್ಲ ನಾವು. ಬಾಂಬನ್ನು ಯಾರಿಗೂ ತಾಗದ ಕಡೆ ಇಳಿಸಿ, ತಾವೇ ದಯಮಾಡಿಸಿ ನಮ್ಮ ಚಪ್ಪರದ ಮೇಲೆ ಎರಡು ಸುತ್ತು ಔಷಧಿ ಹೊಡೆದು ಹೋಗಬೇಕು. ಸ್ಕಂದಗಿರಿ ಕಂಡ ಮೇಲೆ ಬಡಗಲಿಗೆ ಹೆದ್ದಾರಿ ಹಿಡಿದರೆ ಬಂದೇಬಿಟ್ಟಿರಿ. ಮುದ್ದೆ, ಬಸ್ಸಾರು ಮಾಡಿಟ್ಟಿರುತ್ತೇವೆ.

ಆಕಾಶ ನೋಡುತ್ತ ಕುಳಿತಿರುವ
ತಮ್ಮ ವಿಶ್ವಾಸಿ,
ರಾಧಾಮಣಿ

ತಾ.ಕ.: ನಮ್ಮ ಮನೆಯ ಮಿಕ್ಸಿಗೂ ಸಿಕ್ಕ ಆಯುಧಪೂಜೆ ಅಸಲಿ ಆಯುಧವಾದ ತಮಗೆ ಯಾರೂ ಮಾಡಿಲ್ಲವಲ್ಲ ಎಂದು ನಮ್ಮತ್ತೆಗೆ ಬಹಳ ಸಂಕಟವಾಗಿದೆ. ಎರಡೂ ಕಡೆಯ ಬಳಗವನ್ನೆಲ್ಲ ಕರೆದುಕೊಂಡೇ ಬನ್ನಿ. ಕುಂಕುಮ ಚೀಲಗಟ್ಟಲೆ ತರಿಸಿಟ್ಟಿದ್ದಾರೆ. ಒಂದೇ ಒಂದು ಮೋಟಾರಿಗೂ ಬೇಜಾರಾಗದಂತೆ ಅವರು ನೋಡಿಕೊಳ್ಳುತ್ತಾರೆ.