ಕಿಸೆಯಲ್ಲೊಂದು ಬಂಗಾರದ ಗೂಬೆ

ನನ್ನ ಮೇಲೆ ಗೂಬೆ ಕೂರಿಸುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಹಾಲು ಉಕ್ಕಿದರೂ ನಾನೇ ಕಾರಣ, ನಳದಲ್ಲಿ ನೀರು ಬರದಿದ್ದರೂ ನಾನೇ ಕಾರಣ. ಆದರೆ ಈ ಸಲ ಗೂಬೆಯನ್ನು ನಾನೇ ಕಿಸೆಯಲ್ಲಿಟ್ಟುಕೊಂಡು ತಂದೆ, ಅದೂ ಬಂಗಾರದ್ದು.

ನಾನು ಕನಕರಾಯ, ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತೈದು ವರ್ಷದಿಂದ ಗುಮಾಸ್ತ. (ಹೆಸರಿನಲ್ಲಿರುವ ಕನಕ ಬಿಟ್ಟರೆ ನನ್ನ ಹತ್ತಿರ ಬೇರೆ ಬಂಗಾರ ಇರಲಿಲ್ಲ.) ಹೋದ ತಿಂಗಳು ನಮ್ಮ ಸಾವ್ಕಾರರು ಪರದೇಶದ ವಿಶ್ವಮೇಳದಲ್ಲಿ ಸೋನಾಮಸೂರಿ ಮಳಿಗೆ ಹಾಕಿ ಬಂದರು. ಆ ಮೇಳದ ನೆನಪಿಗೆ ಟಂಕಿಸಿದ ನಾಲ್ಕು ಗ್ರಾಮಿನ ಬಂಗಾರದ ನಾಣ್ಯವನ್ನು ಹಮಾಲರೆಲ್ಲರ ಎದುರಿಗೆ ನನ್ನ ಕೈಗಿಟ್ಟು, "ಕನಕಣ್ಣ, ಇದು ನಿನ್ನ ನಿಯತ್ತಿಗೆ" ಎಂದರು. ಜನ್ಮದಲ್ಲಿ ನನಗೆ ಬಂದ ಮೊದಲ ಬಹುಮಾನ, ಕಣ್ಣು ತುಂಬಿ ಬಂತು. ಇದನ್ನು ಗಾಜಿನ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲೆ ಇಟ್ಟೇ ಇಡುವೆನೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಹೆಂಡತಿ ನೇತ್ರಾವತಿ ನಾಣ್ಯ ತಿರುಗಿಸಿ ನೋಡಿದವಳೇ ಚೀರಿದಳು.

"ಏನ್ರೀ ಇದು? ಗೂಬಿ!"

"ಆ ದೇಶದಾಗ ಗೂಬಿ ಅಂದ್ರ ಶಾಣ್ಯಾತನ, ತಿಳ್ಕೋ."

"ನನ್ನ ತವರೂರು ಕುರ್ಡಿಯಾಗ ಗೂಬಿ ಹೊಕ್ರ ಆರು ತಿಂಗಳು ಮನೀನ ಬಿಡ್ತಾರ! ಅದು ಒಳಗ ಬಂತಂದ್ರ ನಾ ಹೊರಗ."

ಮೂರು ದಿನ ನಾನೂ ನಾಣ್ಯವೂ ಪಡಸಾಲೆಯಲ್ಲೇ ಬಿಡಾರ ಹೂಡಿದೆವು. ರೊಟ್ಟಿ ತಣ್ಣಗೆ ಬಂತು, ಪಲ್ಯ ಬರಲೇ ಇಲ್ಲ. ಆದರೂ ನಾನು ಜಗ್ಗಲಿಲ್ಲ. ನಾಲ್ಕನೆಯ ದಿನ ಬ್ರಹ್ಮಾಸ್ತ್ರ ಬಿಟ್ಟೆ.

"ಗೂಬಿ ಯಾರ ವಾಹನ ಗೊತ್ತದೇನು? ಸಾಕ್ಷಾತ್ ಲಕ್ಷ್ಮೀದು! ಬಂಗಾಳದಾಗ ಪೂಜಿ ಮಾಡ್ತಾರ."

ನೇತ್ರಾವತಿ ಮೊಬೈಲಿನಲ್ಲಿ ಹುಡುಕಿ ನೋಡಿದಳು. ಖರೆ ಇತ್ತು. ಅವಳ ಮುಖ ಅರಳಿತು. ಗೆದ್ದೆನೆಂದು ನಾನು ಮೀಸೆ ತಿರುವುತ್ತಿರುವಾಗ ಮೆಲ್ಲಗೆ ಕೇಳಿದಳು.

"ವಾಹನ ಬಂತು, ಲಕ್ಷ್ಮಿ ಎಲ್ಲದಾಳ್ರೀ? ಖಾಲಿ ವಾಹನ ಜಗಲಿ ಮ್ಯಾಲ ನಿಲ್ಲಸ್ತಾರೇನು? ನನಗೊಂದು ಲಕ್ಷ್ಮಿ ಪದಕ ಮಾಡಸ್ರಿ."

ನನ್ನ ಮಾತೇ ನನ್ನ ಕೊರಳಿಗೆ ಬಿತ್ತು. ನಾಣ್ಯ ಉಳಿಯುವುದಾದರೆ ಒಂದು ಪದಕದ ಖರ್ಚೂ ಆಗಲೆಂದು ಹೊರಟೆ. ಅಳತೆಗಿರಲೆಂದು ನಾಣ್ಯವನ್ನು ಅವಳೇ ಚೀಲಕ್ಕೆ ಹಾಕಿಕೊಂಡಳು. ಅಕ್ಕಸಾಲಿಗ ಹಂಪಣ್ಣನ ಅಂಗಡಿ ಮುಂದೆ ಅವಳನ್ನು ಇಳಿಸಿ, ಸ್ಕೂಟರ್ ನಿಲ್ಲಿಸಲು ಓಣಿಯೆಲ್ಲ ಸುತ್ತಿ ಒಳಗೆ ಬಂದರೆ, ಅವನಾಗಲೇ ಮೂಸೆಗೆ ಬೆಂಕಿ ಹಿಡಿದಿದ್ದ.

"ಬಂಗಾರದ ರೇಟು ಮುಟ್ಟೋ ಹಂಗಿಲ್ರೀ ಅಣ್ಣಾರ. ಅಕ್ಕಾರು ಮನ್ಯಾಗಿನ ನಾಣ್ಯ ಕೊಟ್ಟು ಭಾಳ ಶಾಣ್ಯಾ ಕೆಲಸ ಮಾಡಿದ್ರು."

ಮೂಸೆಯೊಳಗೆ ಇಣುಕಿದೆ. ಇಪ್ಪತ್ತೈದು ವರ್ಷದ ನನ್ನ ನಿಯತ್ತು ಹಳದಿ ಹನಿಯಾಗಿ ನಡುಗುತ್ತಿತ್ತು.

ಶುಕ್ರವಾರ ಪದಕ ತಯಾರಾಯಿತು. ಅಂಗಡಿಯಲ್ಲೇ ಅದನ್ನು ಕೊರಳಿಗೆ ಹಾಕಿಕೊಂಡು ಹೊರಬಂದ ನೇತ್ರಾವತಿಯ ಮುಂದೆ ನಾನು ಅಬ್ಬರಿಸಿದೆ.

"ವಾಹನಾನ ಕರಗಿಸಿಬಿಟ್ಟೆಲ್ಲ! ಇನ್ನ ನಿನ್ನ ಲಕ್ಷ್ಮಿ ಯಾವುದರ ಮ್ಯಾಲ ತಿರುಗ್ಯಾಡಬೇಕು?"

ಅವಳು ಪದಕ ಸರಿಮಾಡಿಕೊಂಡು, ಸ್ಕೂಟರಿನ ಹಿಂದೆ ಕೂತು, ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನೀವದೀರಲ್ರೀ. ನಡೀರಿ, ಹೊತ್ತಾತು."